ತಟ್ಟೆ ಬಂದರೆ ಏಳಬೇಡಿ

ಮೊನ್ನೆ ನಮ್ಮ ಬೀದಿಯ ಕೊನೆಯ ಮನೆಗೆ ಹೊಸದಾಗಿ ಬಂದಿರುವ ಒಬ್ಬಾಕೆ ಪರಿಚಯ ಮಾಡಿಕೊಂಡು ಹೋಗೋಣವೆಂದು ನಮ್ಮ ಮನೆಗೆ ಬಂದರು. ಒಳ್ಳೆಯ ಹೆಂಗಸು. ಚಾಪೆಯ ಮೇಲೆ ಕೂತು, ಹೆಸರು ಹೇಳಿ, ಊರು ಹೇಳುವಷ್ಟರಲ್ಲಿ ನಾನು ಅಭ್ಯಾಸಬಲದಿಂದ ಎಲೆ ಅಡಿಕೆಯ ಹಿತ್ತಾಳೆ ತಟ್ಟೆಯನ್ನು ಅವರ ಮುಂದೆ ಸರಿಸಿದೆ. ಆಕೆಯ ಮುಖ ಬಾಡಿಹೋಯಿತು. ಒಂದು ಎಲೆ, ಒಂದು ಚೂರು ಅಡಿಕೆ ಎತ್ತಿಕೊಂಡು, "ಹಾಗಾದ್ರೆ ಬರ್ತೀನಮ್ಮಾ" ಎಂದು ಎದ್ದೇಬಿಟ್ಟರು. ಒಳಗೆ ಕಾಫಿಗೆಂದು ಇಟ್ಟ ಹಾಲು ಉಕ್ಕುತ್ತಿತ್ತು. ಹಾಲಿನ ಕಡೆ ಓಡಲೋ ಆಕೆಯ ಕಡೆ ಓಡಲೋ ತಿಳಿಯದೆ ನಡುಮನೆಯಲ್ಲಿ ನಿಂತೆ. ಹಾಲೂ ಹೋಯಿತು, ಆಕೆಯೂ ಹೋದರು.

ನಮ್ಮ ಯಜಮಾನರು ಪೇಪರಿನ ಹಿಂದಿನಿಂದಲೇ, "ಶುರುವಾಯ್ತು ನಿನ್ನ ಯಲ್ಲಾಪುರ" ಎಂದರು.

ಈ ಮಾತನ್ನು ಬೇರೆ ಯಾರಾದರೂ ಆಡಲಿ, ಅವರು ಆಡಬಾರದು. ತುಮಕೂರಿನಲ್ಲಿ ತಣ್ಣಗೆ ತವರಿನ ಪಕ್ಕದ ಬೀದಿಯಲ್ಲಿದ್ದವಳನ್ನು ಯಲ್ಲಾಪುರಕ್ಕೆ ಹೊತ್ತುಕೊಂಡು ಹೋದವರು ಅವರೇ. ರಾಜ್ಯಗಳೆಲ್ಲ ಒಂದಾಗಿ, ಮುಂಬಯಿಯವರ ಕೈಯಲ್ಲಿದ್ದ ಸೀಮೆ ಮೈಸೂರಿಗೆ ಸೇರಿದ ಹೊಸತು. ಕಚೇರಿಯ ಓವರ್‌ಸಿಯರುಗಳನ್ನು ಆ ಕಡೆಗೆ ಕಳಿಸಬೇಕೆಂದಾಗ ಉಳಿದವರಿಗೆಲ್ಲ ಹೊಟ್ಟೆನೋವು ಬಂತು, ಇವರೊಬ್ಬರು ಆರೋಗ್ಯವಾಗಿದ್ದರು. ನನ್ನ ಅಮ್ಮ ರೈಲು ಸ್ಟೇಷನ್ನಿನಲ್ಲಿ ನನ್ನ ಕೈ ಹಿಡಿದುಕೊಂಡು, "ಪರದೇಶದಲ್ಲಿ ಒಬ್ಬಳೇ ಹೇಗಿರ್ತೀಯೇ" ಎಂದು ಅತ್ತಳು. "ಪರದೇಶ ಏನು ಬಂತಮ್ಮಾ, ಅಲ್ಲೂ ಕನ್ನಡವೇ" ಎಂದು ನಾನು ದೊಡ್ಡದಾಗಿ ಸಮಾಧಾನ ಹೇಳಿದೆ. ಹುಬ್ಬಳ್ಳಿಯಲ್ಲಿ ರೈಲು ಇಳಿದು, ಮೋಟಾರು ಹತ್ತಿ, ಯಲ್ಲಾಪುರದಲ್ಲಿ ಕಾಲಿಟ್ಟಾಗ ಒಬ್ಬ ಅಜ್ಜಿ ಅಕ್ಕರೆಯಿಂದ ನನ್ನನ್ನು ಏನೋ ಕೇಳಿದಳು. ಒಂದು ಅಕ್ಷರವೂ ತಿಳಿಯಲಿಲ್ಲ. ಅಮ್ಮ ಹೇಳಿದ್ದೇ ಸರಿ ಅನ್ನಿಸಿತು.

ಬಾಡಿಗೆ ಮನೆ ಪೇಟೆಯ ಒಂದು ಸಾಲಿನಲ್ಲಿತ್ತು. ಒಂದೇ ಗೋಡೆಗೆ ಅಂಟಿಕೊಂಡ ಮೂರು ಬಿಡಾರಗಳು. ನಡುವಿನದರಲ್ಲಿ ಮನೆಯ ಒಡತಿ ಭಾಗೀರಥಕ್ಕ, ಈ ಬದಿ ನಾವು, ಆ ಬದಿ ಯಾರು ವರ್ಗವಾಗಿ ಬಂದರೆ ಅವರು. ಭಾಗೀರಥಕ್ಕನ ಗಂಡ ಹೆಗಡೇರು ವಾರದಲ್ಲಿ ಮುಕ್ಕಾಲು ಪಾಲು ಮಂಚಿಕೇರಿಯ ಜಮೀನಿನಲ್ಲೇ ಇರುತ್ತಿದ್ದರು. ಪೇಟೆಯ ವ್ಯವಹಾರವೆಲ್ಲ ಈ ಹೆಂಗಸಿನದು. ಬೀದಿಯಲ್ಲಿ ಯಾರ ಮನೆಯ ಹೆರಿಗೆಯಾದರೂ ಮೊದಲ ಬಿಸಿನೀರು ಈಕೆಯ ಕೈಯಿಂದಲೇ ಕಾಯಬೇಕು.

ನಾನು ಪದ್ಧತಿಯಂತೆ ಒಂದೊಂದು ದಿನ ಒಂದೊಂದು ಮನೆಗೆ ಕುಂಕುಮಕ್ಕೆ ಹೋದೆ. ಎಲ್ಲ ಕಡೆ ಒಂದೇ ಅವಮಾನ. "ಬನ್ನಿ ಬನ್ನಿ, ಕುಂತ್ಕಳಿ" ಎಂದು ಬಾಯಿತುಂಬ ಕರೆಯುವುದು, ಬೆಲ್ಲ ನೀರು ಕೊಡುವುದು, ನಾನು ಸೆರಗು ಸರಿಮಾಡಿಕೊಂಡು ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಎಲೆ ಅಡಿಕೆಯ ತಟ್ಟೆ ತಂದು ಮುಂದಿಡುವುದು! ನಮ್ಮ ಸೀಮೆಯಲ್ಲಿ ತಾಂಬೂಲ ಕೊಟ್ಟರು ಎಂದರೆ ಮುಗಿಯಿತು, ಇನ್ನು ಹೊರಡಬಹುದು ಎಂದು ಲೆಕ್ಕ. ತಾಂಬೂಲ ಕೈಗೆ ಬಂದ ಮೇಲೂ ಕೂತಿರುವವಳನ್ನು ನಮ್ಮಜ್ಜಿ ಜಿಗಣೆ ಎನ್ನುತ್ತಿದ್ದಳು. ಆದ್ದರಿಂದ ತಟ್ಟೆ ಕಂಡಕೂಡಲೇ ಒಂದು ಎಲೆ ಎತ್ತಿಕೊಂಡು ನಾನು ಏಳುತ್ತಿದ್ದೆ. ಇಷ್ಟು ಬೇಗ ಆಚೆಗೆ ಕಳಿಸುವವರು ಕರೆದದ್ದಾದರೂ ಯಾಕೆ ಎಂದು ಮನೆಗೆ ಬಂದು ಅಳುತ್ತಿದ್ದೆ. ಯಜಮಾನರು, "ಅವರಿಗೆ ಕೆಲಸ ಇರತ್ತೆ ಕಣೇ" ಎಂದು ಆ ಕಡೆಯವರ ಪರವಾಗಿಯೇ ಮಾತಾಡುತ್ತಿದ್ದರು.

ಇನ್ನು ಅವರು ನಮ್ಮ ಮನೆಗೆ ಬಂದಾಗಿನ ಕಥೆ ಬೇರೆ. ಕಾಫಿ ಕೊಟ್ಟು, ಮಾತಾಡಿ, ಸಂಜೆಯ ದೀಪ ಹಚ್ಚುವ ಹೊತ್ತಾಯಿತೆಂದು ನಾನು ಅರಿಶಿನ ಕುಂಕುಮ ಕೊಟ್ಟು ಎಲೆ ಅಡಿಕೆ ಕೈಗಿಟ್ಟರೆ, ಹೊರಡಲು ಎದ್ದು ನಿಂತವರೂ "ಹಾಂ, ಕವಳ ಬಂತು" ಎಂದು ಮತ್ತೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಎಲೆ ಒರೆಸಿ, ಸುಣ್ಣ ಹಚ್ಚಿ, ಅಡಿಕೆ ಕತ್ತರಿಸಿ, ಬಾಯಿಗೆ ಹಾಕಿದ ಮೇಲೆಯೇ ಅವರ ನಿಜವಾದ ಮಾತು ಶುರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇರುತ್ತಿದ್ದೆ. ಒಲೆ ಆರಿರುತ್ತಿತ್ತು, ಅನ್ನ ಆಗಿರುತ್ತಿರಲಿಲ್ಲ.

ಒಂದು ದಿನ ಭಾಗೀರಥಕ್ಕನ ಜಗಲಿಯಲ್ಲಿ ಅವರ ನೆಂಟರೊಬ್ಬರು ತಟ್ಟೆ ಮುಂದಿಟ್ಟುಕೊಂಡು ಮಧ್ಯಾಹ್ನದಿಂದ ಸಂಜೆಯವರೆಗೆ ಕವಳ ಹಾಕುತ್ತ ಕೂತದ್ದನ್ನು ಕಿಟಕಿಯಿಂದ ನೋಡಿದೆ. ಯಾರೂ ಅವರನ್ನು ಕಳಿಸುತ್ತಿರಲಿಲ್ಲ. ಆಗ ನನ್ನ ತಲೆಗೆ ಹೊಳೆಯಿತು: ಈ ಊರಲ್ಲಿ ತಟ್ಟೆ ಬಂದರೆ ಕೂತುಕೊಳ್ಳಿ ಎಂದರ್ಥ. ನನ್ನ ಪೆದ್ದುತನ ಯಾರಿಗೂ ಹೇಳಲಿಲ್ಲ, ಗಂಡನಿಗೂ. ಮರುದಿನದಿಂದ ತಟ್ಟೆ ಬಂದರೆ ಗಟ್ಟಿಯಾಗಿ ಕೂತೆ. "ಹೊಸತ್ರಲ್ಲಿ ನಾಚ್ಕೆ ಇತ್ತು, ಈಗ ಹೊಂದ್ಕಂಡ್ರು" ಎಂದು ಭಾಗೀರಥಕ್ಕ ಬೀದಿಗೆಲ್ಲ ಪ್ರಮಾಣಪತ್ರ ಕೊಟ್ಟಳು.

ಹೊಂದಿಕೊಂಡದ್ದೇ ನನ್ನ ಕಷ್ಟಕ್ಕೆ ಮೂಲವಾಯಿತು. ತುಮಕೂರು, ಮಂಡ್ಯ, ಕೋಲಾರದ ಕಡೆಯಿಂದ ಯಾವ ಗುಮಾಸ್ತ ವರ್ಗವಾಗಿ ಬಂದರೂ ನಮ್ಮ ಯಜಮಾನರು ಮೋಟಾರು ಸ್ಟ್ಯಾಂಡಿನಿಂದ ನೇರವಾಗಿ ನಮ್ಮ ಮನೆಗೇ ಕರೆತರುತ್ತಿದ್ದರು. "ನಮ್ಮಾಕೆ ಎಲ್ಲ ಹೇಳಿಕೊಡ್ತಾಳೆ, ನೀವೇನೂ ಯೋಚ್ನೆ ಮಾಡ್ಬೇಡಿ" ಎಂಬುದು ಅವರ ಅಭಯ. ಯೋಚನೆ ಮಾಡುವವಳು ನಾನು. ಬಂದವರೆಲ್ಲ ಮೂಟೆಗಟ್ಟಲೆ ರಾಗಿ ಹಿಟ್ಟು ಹೊತ್ತು ತರುತ್ತಿದ್ದರು, ಕಾಡಿನಲ್ಲಿ ಗೆಡ್ಡೆ ಅಗೆದು ತಿನ್ನಬೇಕಾದೀತು ಎಂಬಂತೆ. ಒಬ್ಬರ ತಾಯಿ ತಮ್ಮ ಒರಳುಕಲ್ಲನ್ನೇ ತಂದಿದ್ದರು. "ಇಲ್ಲೂ ಕಲ್ಲು ಸಿಗತ್ತೆ ಅಮ್ಮಾ" ಎಂದರೆ, "ಕಲ್ಲು ಸಿಗಬಹುದು, ನಮ್ಮ ಕಲ್ಲು ಸಿಗತ್ತೇನು?" ಎಂದು ನನ್ನನ್ನೇ ದಬಾಯಿಸಿದರು. ಇನ್ನೊಬ್ಬ ಗುಮಾಸ್ತ ಯಾರದೋ ಮನೆಯ ಊಟದಲ್ಲಿ ಮಾವಿನಕಾಯಿಯ ಅಪ್ಪೆಹುಳಿ ರುಚಿಯಾಗಿದೆಯೆಂದು ಲೋಟದ ಮೇಲೆ ಲೋಟ ಕುಡಿದು, ಕಚೇರಿಗೆ ಹೋಗಿ ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆದ. ಅದು ನಿದ್ದೆ ಬರಿಸುವ ಪದಾರ್ಥ ಎಂದು ಮೊದಲೇ ಯಾಕೆ ಹೇಳಲಿಲ್ಲವೆಂದು ಅವನ ಹೆಂಡತಿ ನನ್ನ ಮೇಲೆ ಮುನಿಸಿಕೊಂಡಳು.

ಎಲ್ಲರಿಗೂ ಎಲ್ಲವನ್ನೂ ಹೇಳಬೇಕು. ಕಾಲಿಗೆ ಉಂಬಳ, ಅದೇ ಜಿಗಣೆ, ಹತ್ತಿದರೆ ಕಿತ್ತೆಳೆಯಬೇಡಿ, ಸುಣ್ಣ ಮುಟ್ಟಿಸಿ. ಕಾಫಿಪುಡಿ ಹುಬ್ಬಳ್ಳಿಯಿಂದಲೇ ತರಿಸಬೇಕು. ಅಮಲ್ದಾರರ ಕಚೇರಿ ಎಲ್ಲಿ ಎಂದು ಕೇಳುತ್ತ ಅಲೆಯಬೇಡಿ, ಇಲ್ಲಿ ಅವರನ್ನು ಮಾಮ್ಲೇದಾರರು ಎನ್ನುತ್ತಾರೆ. ಕೊನೆಯಲ್ಲಿ, ನನ್ನ ಹೆಸರು ಬರದಂತೆ, ಯಾರಿಗೋ ಆದದ್ದೆಂಬಂತೆ, ಇದೊಂದು: ತಟ್ಟೆ ಬಂದರೆ ಏಳಬೇಡಿ. ಹೇಳಿ ಹೇಳಿ ನನ್ನ ಗಂಟಲು ಒಣಗುತ್ತಿತ್ತು. ಸಂಜೆ ಯಜಮಾನರ ಮುಂದೆ, "ಈ ಊರಿಗೆ ಬಂದವರನ್ನೆಲ್ಲ ಸಾಕೋದಕ್ಕೆ ನಾನೇನು ಛತ್ರ ಇಟ್ಟಿದೀನಾ? ನಮಗೆ ವರ್ಗ ಯಾವಾಗ?" ಎಂದು ಕೂಗಾಡುತ್ತಿದ್ದೆ. ಅವರು ಹೂಂ ಎನ್ನುತ್ತಿದ್ದರು.

ಕೊನೆಗೂ ವರ್ಗದ ಆರ್ಡರು ಬಂತು. ತುಮಕೂರಿಗೇ! ಬೇಸಿಗೆ ಶುರುವಾಗಿತ್ತು, ತಿಂಗಳ ಕೊನೆಗೆ ಹೊರಡಬೇಕು. ನಾನು ಕುಣಿಯುವುದೊಂದು ಬಾಕಿ. ಅದೇ ಹೊತ್ತಿಗೆ ಶಿರಸಿಯಲ್ಲಿ ಪರಿಚಯದವರ ಮದುವೆಯಿತ್ತು, ಹೋಗಿ ಎರಡು ದಿನ ಇದ್ದು ಬಂದೆ. ಆ ಎರಡು ದಿನದಲ್ಲೇ ಆಚೆ ಬದಿಯ ಬಿಡಾರಕ್ಕೆ ವಿಮಲ ಬಂದಿಳಿದಿದ್ದಳು.

ವಿಮಲ ಕುಣಿಗಲ್ಲಿನ ಕಡೆಯ ಹುಡುಗಿ. ಇಪ್ಪತ್ತು ತುಂಬಿರಲಿಲ್ಲ. ಏಳು ತಿಂಗಳ ಬಸುರಿ. ತಾಯಿ ಇಲ್ಲ, ಅತ್ತೆಯೂ ಇಲ್ಲ. ತವರಿನಲ್ಲಿರುವುದು ಕುಡುಕ ಅಪ್ಪ ಒಬ್ಬನೇ. ಗಂಡ ಸರ್ವೆ ಕೆಲಸದವನು, ಇಡಗುಂದಿಯ ಆಚೆ ಕಾಡಿನಲ್ಲಿ ಕ್ಯಾಂಪಿಗೆ ಹೋದರೆ ಯಾವಾಗ ಬರುತ್ತಾನೋ ಅವನಿಗೇ ಗೊತ್ತಿಲ್ಲ. ಹೊಟ್ಟೆ ಹೊತ್ತುಕೊಂಡು ನನ್ನ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅವಳು, "ಅಕ್ಕಾ, ನೀವೂ ಹೊರಟೋಗ್ತೀರಂತೆ. ನಂಗೆ ಇನ್ನು ಯಾರಿದಾರೆ?" ಎಂದಾಗ ನನ್ನ ಕುಣಿತ ನಿಂತಿತು.

"ಪಕ್ಕದಲ್ಲೇ ಭಾಗೀರಥಕ್ಕ ಇದಾರಲ್ಲೇ. ಅವರಿದ್ರೆ ನೂರು ಜನ ಇದ್ದಂಗೆ" ಎಂದೆ.

"ಅವ್ರಾ?" ಅವಳ ಕಣ್ಣು ತುಂಬಿತು. "ಬಂದ ದಿನಾನೇ ಹೋಗಿದ್ದೆ. ಕೂತಿದ್ನೋ ಇಲ್ವೋ, ತಾಂಬೂಲ ತಂದಿಟ್ಟು ಎದ್ದೋಗು ಅನ್ನೋ ಹಂಗೆ ಮಾಡ್ಬಿಟ್ರು. ಅಳು ಬಂತು, ಎಲೆ ಮುಟ್ಟದೇ ಎದ್ಬಂದೆ. ನನ್ನ ಮುಖ ಅಷ್ಟು ಬೇಡವಾಯ್ತಾ ಅಕ್ಕಾ?"

ನಾನು ತಲೆ ಚಚ್ಚಿಕೊಂಡೆ. ವರ್ಷಗಟ್ಟಲೆ ಊರಿಗೆಲ್ಲ ಹೇಳಿಕೊಟ್ಟು, ಹೇಳಲೇಬೇಕಾದವಳು ಬಂದ ದಿನ ನಾನು ಮದುವೆಮನೆಯಲ್ಲಿ ಸಿಹಿ ತೊಡದೇವು ತಿನ್ನುತ್ತ ಕೂತಿದ್ದೆ!

ಭಾಗೀರಥಕ್ಕನ ಬಳಿ ಓಡಿದೆ. ಆಕೆ ಆಗಲೇ ಕೆಂಡವಾಗಿದ್ದಳು.

"ನಿಂಗ್ಳ ಬದಿ ಕೂಸಿಂದು ಎಂತಾ ದೊಡ್ಡಸ್ತಿಕೆ ಮಾರಾಯ್ತಿ! ಮಂಚಿಕೇರಿಂದ ಯನ್ನ ಅತ್ತಿಗೆ ಬಂದು ಕುಂತಿತ್ತು. ಅದ್ರ ಎದುರಿಗೇ ಕವಳದ ತಟ್ಟೆ ಇಟ್ಟಿ. ಮುಟ್ಟಿದ್ದೂ ಇಲ್ಲೆ, ಬರ್ತೀನಿ ಹೇಳಿ ಎದ್ಕಂಡು ಹೋತು! ಯಂಗೆ ಮುಖ ಎಲ್ಲಿ ಇಟ್ಕಳದು? ಆನು ಇನ್ನು ಅದ್ರ ಮೆಟ್ಲು ಹತ್ತತ್ನಿಲ್ಲೆ."

ಆ ಕಡೆ ಕೊಟ್ಟ ಕವಳವನ್ನು ಮುಟ್ಟದೆ ಎದ್ದುಹೋಗುವುದೆಂದರೆ ನಿಮ್ಮ ಸಂಗಡ ನನಗೇನೂ ಬೇಡ ಎಂದಂತೆ. ನಾನು ನಮ್ಮ ಸೀಮೆಯ ಪದ್ಧತಿಯನ್ನು ಬಿಡಿಸಿ ಬಿಡಿಸಿ ಹೇಳಿದೆ. ನಮ್ಮಲ್ಲಿ ತಾಂಬೂಲ ಕೊಡುವುದು ಕಳಿಸುವಾಗ. ಅವಳು ನೀವು ಕಳಿಸಿದಿರಿ ಅಂತ ಎದ್ದಳು. ಭಾಗೀರಥಕ್ಕ ಬಾಯಿಯಲ್ಲಿದ್ದ ಕವಳವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ ನನ್ನನ್ನೇ ದಿಟ್ಟಿಸಿದಳು.

"ಕವಳ ಕೊಟ್ಟು ಮನುಷ್ಯರನ್ನ ಆಚೆ ಹಾಕ ಊರು ಎಲ್ಲಾದ್ರೂ ಇದ್ದಾ? ನಿಂಗ್ಳ ಬದಿಯವು ಹೇಳಿ ನಿಂಗ ಪರ ವಹಿಸ್ತ್ರಿ. ಹಾಂಗಿದ್ರೆ ನಿಂಗನೂ ಏಳವಾಗಿತ್ತು. ಇಷ್ಟು ವರ್ಷ ಯಮ್ಮನೇಲಿ ಕವಳ ಹಾಕಿದ್ದು ಯಾರು?"

ನಾನು ಗುಟ್ಟಾಗಿ ಕಲಿತ ಜಾಣತನವೇ ನನ್ನ ವಿರುದ್ಧ ಸಾಕ್ಷಿಯಾಗಿ ನಿಂತಿತು. ಮೊದಮೊದಲು ನಾನೂ ಏಳುತ್ತಿದ್ದೆನಲ್ಲ ಎಂದರೆ, ಅದು ನಾಚಿಕೆಯಿಂದ ಎಂದು ಆಕೆಯೇ ಎಂದೋ ತೀರ್ಮಾನಿಸಿಯಾಗಿತ್ತು. ಭಾಗೀರಥಕ್ಕನ ತೀರ್ಮಾನಗಳು ತಿದ್ದುಪಡಿಗೆ ಒಗ್ಗುವಂಥವಲ್ಲ.

ದಿನಗಳು ಹೋಗುತ್ತಿದ್ದವು. ಒಂದು ಗೋಡೆಯ ಈ ಬದಿ ಭಾಗೀರಥಕ್ಕ ಮೂಗು ತಿರುಗಿಸಿಕೊಂಡು ಕೂತಳು, ಆ ಬದಿ ವಿಮಲ ಬಾಗಿಲು ಹಾಕಿಕೊಂಡು ಕೂತಳು. ನಾನು ಪಾತ್ರೆ ಕಟ್ಟುತ್ತ, ಬಿಚ್ಚುತ್ತ, ಯಾವ ಡಬ್ಬಿಯಲ್ಲಿ ಏನಿಟ್ಟೆ ಎಂದು ಮರೆಯುತ್ತ ಇಬ್ಬರನ್ನೂ ಬೈದುಕೊಳ್ಳುತ್ತಿದ್ದೆ. ನಾವು ಹೋದ ಮರುದಿನವೇ ಈ ಹುಡುಗಿಗೆ ನೋವು ಕಾಣಿಸಿಕೊಂಡರೆ ಗೋಡೆ ತಟ್ಟುವುದಕ್ಕಾದರೂ ಧೈರ್ಯ ಬೇಡವೇ? ಒಂದು ಮಧ್ಯಾಹ್ನ ತಾಳ್ಮೆ ಕೆಟ್ಟು ವಿಮಲನ ಬಾಗಿಲು ಬಡಿದೆ. ನಾನು ಭಾಗೀರಥಕ್ಕನಿಂದ ತಂದಿದ್ದ ಜರಡಿಯನ್ನು ಅವಳ ಕೈಗೆ ಕೊಟ್ಟೆ.

"ಇದನ್ನ ಕೊಟ್ಟು ಬಾ. ಕೂತ್ಕೋ ಅಂತಾರೆ, ಕೂತ್ಕೋ. ತಟ್ಟೆ ತರ್ತಾರೆ. ಏಳಬೇಡ. ಒಂದು ಚೂರು ಬಾಯಿಗೆ ಹಾಕ್ಕೋ, ಗಟ್ಟಿಯಾಗಿ ಕೂತಿರು. ಆಕಾಶ ಬಿದ್ರೂ ಏಳಕೂಡದು, ತಿಳೀತಾ?"

"ಆಮೇಲೆ ಬೈದ್ರೆ ಅಕ್ಕಾ?"

"ಬೈಯಲ್ಲ. ಮನೆಗೆ ಬಂದವರನ್ನ ಆಕೆ ಬೈಯೋದಿಲ್ಲ. ಹೋಗು."

ಅವಳು ಜರಡಿಯನ್ನು ಎದೆಗೊತ್ತಿಕೊಂಡು, ಪರೀಕ್ಷೆಗೆ ಹೋಗುವವಳಂತೆ ಹೋದಳು. ನಾನು ಕಿಟಕಿಯಲ್ಲಿ ಕಾದೆ. ಬಿಸಿಲು ಜಗಲಿಯಿಂದ ಅಂಗಳಕ್ಕೆ ಇಳಿಯಿತು, ಅಂಗಳದಿಂದ ರಸ್ತೆಗೆ ಹೋಯಿತು. ವಿಮಲನ ಸುಳಿವಿಲ್ಲ. ದನಗಳು ಮನೆಗೆ ಬಂದವು. ನಮ್ಮ ಯಜಮಾನರೂ ಬಂದು ಕಾಫಿ ಕೇಳಿದರು, ನಾನು ಅವರ ಮೇಲೆ ಹಾರಿಬಿದ್ದೆ. ಕಡೆಗೆ ತಡೆಯಲಾರದೆ ಭಾಗೀರಥಕ್ಕನ ಮನೆಗೇ ಹೋದೆ.

ವಿಮಲ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಕಣ್ಣು ಅತ್ತು ಅತ್ತು ಊದಿತ್ತು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಲಾಗಿತ್ತು. ನನ್ನನ್ನು ಕಂಡವಳೇ ಪಿಸುಗುಟ್ಟಿದಳು: "ಅಕ್ಕಾ, ಏಳೋದು ಯಾವಾಗ ಅಂತ ನೀವು ಹೇಳ್ಲೇ ಇಲ್ಲ!"

ನಿಜ. ಹೇಳಿರಲಿಲ್ಲ. ನಮ್ಮಲ್ಲಿ ತಾಂಬೂಲ ಬಂದರೆ ಏಳಬಹುದು. ಇಲ್ಲಿ ತಟ್ಟೆ ಮೊದಲೇ ಬಂದುಬಿಟ್ಟರೆ ಆಮೇಲೆ ಏಳು ಎಂದು ಹೇಳುವ ಗುರುತು ಯಾವುದು? ಪಾಪ, ಹುಡುಗಿ ಆ ಗುರುತಿಗಾಗಿ ಮಧ್ಯಾಹ್ನದಿಂದ ಕಾಯುತ್ತ ಕೂತಿತ್ತು.

ಭಾಗೀರಥಕ್ಕ ಒಳಗಿನಿಂದ ಸೌಟು ಹಿಡಿದುಕೊಂಡೇ ಬಂದಳು. ನನ್ನನ್ನು ಬಾಗಿಲಿನಾಚೆಗೆ ಎಳೆದುಕೊಂಡು ಹೋಗಿ ದನಿ ತಗ್ಗಿಸಿದಳು.

"ಚಾ ಕೊಟ್ಟಿ, ಏಳಲ್ಲೆ. ಅವಲಕ್ಕಿ ಕೊಟ್ಟಿ, ಏಳಲ್ಲೆ. ಯಂಗೂ ಹೆದ್ರಿಕೆ ಆತು. ಎಂತಾ ಆತೆ ತಂಗಿ ಹೇಳಿ ಕೇಳಿದಿ. ತಡ್ಕಂಬಲೆ ಆಗ್ದೇ ಅತ್ತು. ಎಲ್ಲ ಹೇಳ್ತು. ಕೂಸಿಗೆ ಆಯಿ ಇಲ್ಲ್ಯಡ!" ಆಕೆ ಸೌಟಿನ ಹಿಡಿಯಿಂದ ಹಣೆ ತಟ್ಟಿಕೊಂಡಳು. "ಆಯಿ ಇಲ್ದಿದ್ದ ಕೂಸನ್ನ ಗೋಡೆ ಆಚೆ ಇಟ್ಕಂಡು ಆನು ದೊಡ್ಡಸ್ತಿಕೆ ಮಾಡ್ತಾ ಕುಂತಿದ್ನಲೆ! ನಿಂಗಕ್ಕಾದ್ರೂ ಹೇಳಲೆ ಎಂತಾ ಆಗಿತ್ತು?"

ನಾನು ತಟ್ಟೆಯ ವಿಷಯ ಹೇಳುತ್ತ ಬಾಯಿ ನೋಯಿಸಿಕೊಂಡಾಗ ತಾಯಿಯ ವಿಷಯ ಹೇಳುವುದಕ್ಕೆ ಎಡೆ ಎಲ್ಲಿತ್ತು? ಹಾಗೆ ಹೇಳಲು ಬಾಯಿ ತೆರೆದೆ. ಆಕೆ ಸೌಟು ಎತ್ತಿ ನನ್ನನ್ನು ಸುಮ್ಮನಾಗಿಸಿದಳು.

"ಹೆರಿಗೆ, ಬಾಣಂತನ ಎಲ್ಲ ಇಲ್ಲೇ. ಎಲ್ಲಿಗೂ ಕಳಸ್ತ್ನಿಲ್ಲೆ. ಇವತ್ತು ಊಟನೂ ಇಲ್ಲೇ. ನಿಂಗ ಹೋಗಿ, ನಿಂಗ್ಳ ಮನೆಯವ್ಕೆ ಕಾಪಿ ಕೊಡಿ, ಪಾಪ."

ಹೀಗೆ ನನ್ನನ್ನು ಆ ಮನೆಯಿಂದ ಬಾಯಿಬಿಟ್ಟು ಕಳಿಸಿದ್ದು ಅದೊಂದೇ ಸಲ. ಸಂತೋಷದಿಂದ ಹೋದೆ. ಯಜಮಾನರಿಗೆ ಕಾಫಿಗೆ ಎರಡು ಚಮಚ ಸಕ್ಕರೆ ಜಾಸ್ತಿಯೇ ಹಾಕಿಕೊಟ್ಟೆ.

ಮೊನ್ನೆ ಎದ್ದುಹೋದಾಕೆಯ ಮನೆಗೆ ನಾಳೆ ನಾನೇ ಹೋಗಬೇಕು. ಹೋಗಿ ಏನೆಂದು ಹೇಳುವುದು? ನಮ್ಮ ಊರಿನಲ್ಲೇ ಹುಟ್ಟಿ ಬೆಳೆದವಳು, ನಮ್ಮ ಊರಿನ ರೀತಿ ಮರೆತುಬಿಟ್ಟೆ ಎಂದು ಹೇಳಿದರೆ ಆಕೆ ನಂಬುವುದಿಲ್ಲ. ಹೊಸಬರಿಗೆ ತಿಳಿಹೇಳುವ ಕೆಲಸ ತುಮಕೂರಿಗೆ ಬಂದರೂ ನನ್ನ ಬೆನ್ನು ಬಿಡಲಿಲ್ಲವಲ್ಲ ಎಂದು ಬೆಳಗಿನಿಂದ ಗೊಣಗುತ್ತಿದ್ದೇನೆ. ತಟ್ಟೆಯನ್ನು ತೊಳೆದು ಅಟ್ಟದ ಮೇಲೆ ಇಟ್ಟುಬಿಡು ಎನ್ನುತ್ತಾರೆ ಯಜಮಾನರು. ಇಡುವುದಿಲ್ಲ.

ನಾವು ಯಲ್ಲಾಪುರ ಬಿಟ್ಟ ದಿನ ಸಾಮಾನೆಲ್ಲ ಲಾರಿಗೆ ಹೇರಿಯಾಗಿತ್ತು. ಹೇಳಿಬರೋಣವೆಂದು ನಾನೊಬ್ಬಳೇ ಭಾಗೀರಥಕ್ಕನ ಮನೆಗೆ ಹೋದೆ. ವಿಮಲ ಒಳಗೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು, ಆ ಮನೆಯಲ್ಲೇ ಹುಟ್ಟಿದವಳ ಹಾಗೆ. ಭಾಗೀರಥಕ್ಕ "ಕುಂತ್ಕಳಿ" ಎಂದಳು, ಕೂತೆ. ಬೆಲ್ಲ ನೀರು ಕೊಟ್ಟಳು, ಕುಡಿದೆ. ಆಮೇಲೆ ನನ್ನ ಎದುರಿಗೆ ಬರಿಗೈಯಲ್ಲಿ ಕೂತು, ಏನೇನೋ ಮಾತಾಡಿದಳು. ನಮ್ಮ ಹಿತ್ತಿಲಿನ ಬಸಳೆ ಚಪ್ಪರದ ವಿಷಯ, ತುಮಕೂರಿನಲ್ಲಿ ನೀರು ಸಿಹಿಯೋ ಉಪ್ಪೋ ಎಂಬ ವಿಷಯ. ಹೊರಗಿನಿಂದ ಯಜಮಾನರು, "ಇವಳೇ, ಡ್ರೈವರ್ ಗಲಾಟೆ ಮಾಡ್ತಿದಾನೆ" ಎಂದು ಕೂಗಿದರು. ನಾನು ಸುತ್ತಲೂ ನೋಡಿದೆ. ಹಿತ್ತಾಳೆ ತಟ್ಟೆ ಗೂಡಿನಲ್ಲೇ ಇತ್ತು. ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಅದು ಮುಂದೆ ಬಾರದ ದಿನವೇ ಇರಲಿಲ್ಲ. ನನಗೆ ಕಸಿವಿಸಿಯಾಯಿತು, ನಿಜವಾಗಿ ನೋವೇ ಆಯಿತು. ಕೊನೆಯ ದಿನ ಏನು ತಪ್ಪು ಮಾಡಿದೆ?

"ಇವತ್ತು ಕವಳದ ತಟ್ಟೆ ಇಲ್ವಾ ಭಾಗೀರಥಕ್ಕಾ?" ಎಂದು ನಾಚಿಕೆ ಬಿಟ್ಟು ಕೇಳಿದೆ.

ಆಕೆ ಸೆರಗಿನ ತುದಿಯಲ್ಲಿ ಮೂಗು ಒರೆಸಿಕೊಂಡಳು.

"ವಿಮಲ ಎಲ್ಲ ಹೇಳಿದ್ದು. ತಟ್ಟೆ ಕೊಟ್ರೆ ನಿಂಗ ಎದ್ಕಂಡು ಹೋಗ್ತ್ರಡ, ನಿಂಗ್ಳ ಬದಿ ಹಾಂಗೇ ಅಡ. ಅದ್ಕೇ ಇವತ್ತು ಆನು ತಟ್ಟೆ ತತ್ನಿಲ್ಲೆ."

ಹೊರಗೆ ಲಾರಿಯ ಹಾರನ್ನು ಕೂಗುತ್ತಲೇ ಇತ್ತು. ನಾನು ಅಲ್ಲೇ ಕೂತಿದ್ದೆ.